ಕೋನನ್ ಓಬ್ರಿಯನ್: ಬರಹಗಾರರ ಕೋಣೆಯಿಂದ ಪಾಡ್‌ಕಾಸ್ಟ್‌ವರೆಗಿನ ವೃತ್ತಿಜೀವನ

ಇರುಳುನೋಟ (ಚರ್ಚೆ ಆರಂಭಿಸಿದವರು):

ಅಮೆರಿಕದ ಹಾಸ್ಯಗಾರ, ದೂರದರ್ಶನ ನಿರೂಪಕ ಕೋನನ್ ಓಬ್ರಿಯನ್ ಅವರ ಬಗ್ಗೆ ಯಾರೇ ಬರೆಯಲಿ, ಮಾತು ಕೊನೆಗೆ 2010ರ ಜನವರಿಗೇ ಬಂದು ನಿಲ್ಲುತ್ತದೆ. ಅಮೆರಿಕದ ಎನ್‌ಬಿಸಿ ವಾಹಿನಿಯವರು ತಡರಾತ್ರಿಯ ಹಾಸ್ಯ ಮತ್ತು ಮಾತುಕತೆಯ ಕಾರ್ಯಕ್ರಮ ‘ದ ಟುನೈಟ್ ಶೋ’ದ ನಿರೂಪಣೆಯನ್ನು ಅವರಿಗೆ ವಹಿಸಿದರು, ಎಂಟು ತಿಂಗಳು ತುಂಬುವ ಮೊದಲೇ ಅದು ಅವರ ಕೈಬಿಟ್ಟು ಹೋಯಿತು. ಅದು ದೊಡ್ಡ ಸುದ್ದಿಯಾದದ್ದು ನಿಜ. ಆದರೆ ಮೂವತ್ತು ವರ್ಷ ದಾಟಿದ ವೃತ್ತಿಜೀವನವನ್ನು ಆ ಒಂದು ತಿಂಗಳಿನಿಂದ ಅಳೆಯಲು ಹೊರಟರೆ, ಅವರ ಕಾಲದಲ್ಲೇ ತಡರಾತ್ರಿಯ ಕಾರ್ಯಕ್ರಮ ನಡೆಸಿದ ಹಲವರು ತೆರೆಮರೆಗೆ ಸರಿದ ಮೇಲೂ ಇವರ ಮಾತನ್ನು ಹೊಸ ತಲೆಮಾರಿನವರು ಏಕೆ ಕೇಳುತ್ತಿದ್ದಾರೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಆ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಎತ್ತಿಕೊಳ್ಳೋಣ ಎಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎದುರಿಗಿರುವ ವ್ಯಕ್ತಿ ಆಡಿದ ಒಂದು ಮಾತನ್ನು ಹಿಡಿದು, ಅದನ್ನು ಆ ಕ್ಷಣದಲ್ಲೇ ಬೆಳೆಸಿ, ಕೊನೆಗೆ ತನ್ನ ಮೇಲೆಯೇ ತಿರುಗಿಸಿಕೊಳ್ಳುವುದು ಓಬ್ರಿಯನ್ ಅವರ ಮೂಲ ಶಕ್ತಿ. ತಡರಾತ್ರಿಯ ದೂರದರ್ಶನ ಆ ಶಕ್ತಿಗೆ ಪ್ರತಿ ರಾತ್ರಿ ಕೆಲವೇ ನಿಮಿಷಗಳನ್ನು ಕೊಡುತ್ತಿತ್ತು. ಪಾಡ್‌ಕಾಸ್ಟ್ (ಅಂತರಜಾಲದಲ್ಲಿ ಕೇಳುವ ಧ್ವನಿ ಕಾರ್ಯಕ್ರಮ; ಅವರು ಅದನ್ನು ಆರಂಭಿಸಿದ್ದು 2018ರಲ್ಲಿ) ಇಡೀ ಒಂದು ಗಂಟೆಯನ್ನು ಕೊಟ್ಟಿತು. ಹಾಗಾಗಿ 2018ರ ನಂತರದ ಕೆಲಸವನ್ನು ಸೋತ ನಿರೂಪಕನ ಎರಡನೆಯ ಇನಿಂಗ್ಸ್ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಅವರು ಮೊದಲಿನಿಂದಲೂ ಮಾಡಬೇಕಾಗಿದ್ದ ಕೆಲಸವೇ ಅದು.

ಇದಕ್ಕೆ ಆಧಾರ ಅವರ ಆರಂಭದ ವರ್ಷಗಳಲ್ಲೇ ಇದೆ. 1963ರಲ್ಲಿ ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್‌ನಲ್ಲಿ ಹುಟ್ಟಿದ ಅವರು ಹಾರ್ವರ್ಡ್‌ನಲ್ಲಿ ಇತಿಹಾಸ ಮತ್ತು ಸಾಹಿತ್ಯ ಓದಿದರು, ಅಲ್ಲಿನ ಹಾಸ್ಯಪತ್ರಿಕೆ ‘ಹಾರ್ವರ್ಡ್ ಲ್ಯಾಂಪೂನ್’ಗೆ ಎರಡು ಬಾರಿ ಅಧ್ಯಕ್ಷರಾದರು. 1985ರಲ್ಲಿ ಪದವಿ ಪಡೆದು ಲಾಸ್ ಏಂಜಲೀಸ್‌ಗೆ ಹೋದ ಮೇಲೆ ದೂರದರ್ಶನಕ್ಕೆ ಬರೆಯುವುದರ ಜೊತೆಗೆ ‘ಗ್ರೌಂಡ್‌ಲಿಂಗ್ಸ್’ ತಂಡದಲ್ಲಿ ಆಶುನಾಟಕವನ್ನೂ ಕಲಿತರು. ಅವರ ಜೀವನಚಿತ್ರಗಳಲ್ಲಿ ಈ ಆಶುನಾಟಕದ ಭಾಗ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಎದುರಿನ ಪಾತ್ರ ಏನು ಕೊಟ್ಟರೂ ತಿರಸ್ಕರಿಸದೆ ಸ್ವೀಕರಿಸಿ, ಅದರ ಮೇಲೆ ಇನ್ನೊಂದನ್ನು ಇಡಬೇಕೆಂಬುದು ಆಶುನಾಟಕದ ಮೊದಲ ಪಾಠ. 1988ರಿಂದ 1991ರವರೆಗೆ ಪ್ರಹಸನಗಳ ಕಾರ್ಯಕ್ರಮ ‘ಸ್ಯಾಟರ್ಡೇ ನೈಟ್ ಲೈವ್’ಗೆ ಬರೆದಾಗಲೂ (1989ರಲ್ಲಿ ಅಲ್ಲಿನ ಬರಹಗಾರರ ತಂಡದ ಭಾಗವಾಗಿ ಎಮ್ಮಿ ಪ್ರಶಸ್ತಿ ಬಂತು), ನಂತರ 1993ರವರೆಗೆ ಕಾರ್ಟೂನ್ ಸರಣಿ ‘ದ ಸಿಂಪ್ಸನ್ಸ್’ಗೆ ಬರೆದಾಗಲೂ ಅವರು ಕಾಗದದ ಮೇಲೆ ಮಾತ್ರ ತಮಾಷೆ ಕಟ್ಟುವ ಬರಹಗಾರರಾಗಿರಲಿಲ್ಲ, ಬರಹಗಾರರ ಕೋಣೆಯಲ್ಲಿ ಎದ್ದು ನಿಂತು, ಪಾತ್ರಗಳನ್ನು ಅಭಿನಯಿಸಿ ಸಹೋದ್ಯೋಗಿಗಳನ್ನು ನಗಿಸುತ್ತಿದ್ದವರು. ಸ್ಪ್ರಿಂಗ್‌ಫೀಲ್ಡ್ ಎಂಬ ‘ಸಿಂಪ್ಸನ್ಸ್’ ಸರಣಿಯ ಕಾಲ್ಪನಿಕ ಊರಿನವರು ಒಬ್ಬ ಮಾತುಗಾರನಿಗೆ ಮರುಳಾಗಿ ಮೊನೊರೈಲು ಕೊಂಡುಕೊಳ್ಳುವ ಕಂತು ಅವರದೇ ಬರಹ. 1993ರ ಜನವರಿಯಲ್ಲಿ ಪ್ರಸಾರವಾದ ಅದನ್ನು ಆ ಸರಣಿಯ ಅಭಿಮಾನಿಗಳು ಇಂದಿಗೂ ಅತ್ಯುತ್ತಮ ಕಂತುಗಳ ಸಾಲಿನಲ್ಲಿಡುತ್ತಾರೆ.

ಅದೇ ವರ್ಷ ಡೇವಿಡ್ ಲೆಟರ್‌ಮನ್ ಎನ್‌ಬಿಸಿ ತೊರೆದು ಸಿಬಿಎಸ್‌ಗೆ ಹೋದಾಗ, ತೆರವಾದ ‘ಲೇಟ್ ನೈಟ್’ ಕುರ್ಚಿಗೆ ನಿರ್ಮಾಪಕ ಲಾರ್ನ್ ಮೈಕಲ್ಸ್ ಈ ಮೂವತ್ತರ ಯುವಕನನ್ನು ಮುಂದೆ ತಂದರು. ತೆರೆಯ ಮೇಲೆ ಹೆಚ್ಚೇನೂ ಕಾಣಿಸಿಕೊಳ್ಳದ ಬರಹಗಾರನೊಬ್ಬನಿಗೆ ಅಂಥ ಜಾಗ ಕೊಟ್ಟದ್ದು ಆಗಿನ ಕಾಲಕ್ಕೆ ನಂಬಲಾಗದ ನಿರ್ಧಾರ. 1993ರ ಸೆಪ್ಟೆಂಬರ್ 13ರಂದು ಕಾರ್ಯಕ್ರಮ ಆರಂಭವಾಯಿತು, ವಿಮರ್ಶಕರು ಮುಗಿಬಿದ್ದರು. ‘ವಾಷಿಂಗ್ಟನ್ ಪೋಸ್ಟ್’ನ ಟಾಮ್ ಶೇಲ್ಸ್ ಅವರಂತೂ ಈತ ಬಂದ ದಾರಿಯಲ್ಲೇ ಹಿಂದಿರುಗಬೇಕೆಂಬ ಧಾಟಿಯಲ್ಲಿ ಬರೆದರು, ಕೆಲವು ವರ್ಷಗಳ ನಂತರ ಅವರೇ ತಮ್ಮ ಮಾತನ್ನು ಹಿಂತೆಗೆದುಕೊಂಡು ಮೆಚ್ಚಿ ಬರೆದರು. ಆ ನಡುವಿನ ಅವಧಿಯಲ್ಲಿ ವಾಹಿನಿಯವರು ವಾರಗಳ ಲೆಕ್ಕದಲ್ಲಿ ಒಪ್ಪಂದ ಮುಂದುವರಿಸುತ್ತಿದ್ದರು. 1994ರಲ್ಲಿ ಲೆಟರ್‌ಮನ್ ತಾವೇ ಅತಿಥಿಯಾಗಿ ಬಂದು, ಆ ತಂಡ ಮಾಡುತ್ತಿದ್ದ ಕೆಲಸದ ಪ್ರಮಾಣವನ್ನೂ ಗುಣವನ್ನೂ ಹೊಗಳಿ ಹೋದದ್ದು ಅವರೆಲ್ಲರಿಗೂ ದೊಡ್ಡ ಆಸರೆಯಾಯಿತು.

ನಾನು ಹೇಳುತ್ತಿರುವ ಶಕ್ತಿ ಯಾವುದೆಂದು ಒಂದೇ ಉದಾಹರಣೆಯಿಂದ ತೋರಿಸಬೇಕಾದರೆ, 2004ರ ಬೇಸ್‌ಬಾಲ್ ತುಣುಕನ್ನೇ ತೋರಿಸುತ್ತೇನೆ. 1864ರ ನಿಯಮಗಳಂತೆ, ಆ ಕಾಲದ ಉಡುಪಿನಲ್ಲೇ ಬೇಸ್‌ಬಾಲ್ ಆಡುವ ಹವ್ಯಾಸಿಗಳ ಬಳಿಗೆ ಓಬ್ರಿಯನ್ ಕ್ಯಾಮೆರಾದೊಂದಿಗೆ ಹೋಗುತ್ತಾರೆ. ಅಲ್ಲಿ ಒಬ್ಬ ಮಹಿಳೆ ಹತ್ತೊಂಬತ್ತನೆಯ ಶತಮಾನದ ಹೆಣ್ಣಾಗಿ, ಪಾತ್ರವನ್ನು ಒಂದು ಕ್ಷಣವೂ ಬಿಡದೆ ಮಾತನಾಡುತ್ತಾರೆ. ನಿರೂಪಕರು ಏನೇ ಕೆಣಕಿದರೂ ಅವರು ಜಗ್ಗುವುದಿಲ್ಲ. ಸಾಮಾನ್ಯ ಹಾಸ್ಯಗಾರ ಆಕೆಯನ್ನು ಗೇಲಿ ಮಾಡಿ ಮುಗಿಸುತ್ತಿದ್ದ. ಓಬ್ರಿಯನ್ ಆಕೆಯ ಲೋಕವನ್ನೇ ನಿಜವೆಂದು ಒಪ್ಪಿಕೊಂಡು ಅದರೊಳಗೆ ಹೊಕ್ಕು, ತಾನೂ ಆ ಕಾಲದವನಾಗಿ, ಆಕೆಗಿಂತ ಹೆಚ್ಚು ಹುಚ್ಚನಾಗಿ ಕಾಣುವವರೆಗೆ ಬಿಡುವುದಿಲ್ಲ. ತಮ್ಮ ಕೆಲಸಗಳಲ್ಲೆಲ್ಲ ಬಹಳ ಪ್ರಿಯವಾದವುಗಳಲ್ಲಿ ಇದೂ ಒಂದೆಂದು ಅವರೇ ಹೇಳಿಕೊಂಡಿದ್ದಾರೆ. ಈ ತುಣುಕಿಗೂ ಇಂದಿನ ಪಾಡ್‌ಕಾಸ್ಟ್‌ಗೂ ನಡುವೆ ನೇರ ದಾರಿಯಿದೆ. ‘ಟುನೈಟ್ ಶೋ’ ಆ ದಾರಿಯ ಮೇಲೆ ಬರುವುದೇ ಇಲ್ಲ.

ಲೆಕ್ಕಪತ್ರ:

ಬರಹ ಚೆನ್ನಾಗಿದೆ, ಆದರೆ 2010ನ್ನು ಇಷ್ಟು ಸುಲಭವಾಗಿ ಬದಿಗಿಡುವುದನ್ನು ನಾನು ಒಪ್ಪಲಾರೆ. ಆಗ ನಡೆದದ್ದು ವೈಯಕ್ತಿಕ ಜಗಳಕ್ಕಿಂತ ದೊಡ್ಡದು. ಅಮೆರಿಕದ ದೂರದರ್ಶನದ ಹಳೆಯ ವ್ಯವಸ್ಥೆ ಹೇಗೆ ನಡೆಯುತ್ತಿತ್ತು, ಹೇಗೆ ಕುಸಿಯತೊಡಗಿತು ಎಂಬುದು ಅಲ್ಲಿ ಬಯಲಾಯಿತು, ಮತ್ತು ಪಾಡ್‌ಕಾಸ್ಟ್‌ಗೆ ಅವರು ಬಂದದ್ದಕ್ಕೆ ಮೂಲವೂ ಅಲ್ಲೇ ಇದೆ.

ಓಬ್ರಿಯನ್ ಬೇರೆ ವಾಹಿನಿಗೆ ಹೋಗಿಬಿಟ್ಟಾರು ಎಂಬ ಆತಂಕದಿಂದ, ಐದು ವರ್ಷಗಳ ನಂತರ ‘ಟುನೈಟ್ ಶೋ’ ನಿಮಗೇ ಎಂದು 2004ರಲ್ಲೇ ಎನ್‌ಬಿಸಿ ಮಾತು ಕೊಟ್ಟಿತು. 2009 ಬಂದಾಗ ಅದರ ಅಂದಿನ ನಿರೂಪಕ ಜೇ ಲೆನೊ ಇನ್ನೂ ಜನಪ್ರಿಯರಾಗಿದ್ದರು, ಅವರೂ ಪ್ರತಿಸ್ಪರ್ಧಿಯ ಪಾಲಾಗಬಾರದಿತ್ತು. ಆದ್ದರಿಂದ ಸೆಪ್ಟೆಂಬರ್‌ನಿಂದ ವಾರದ ಐದು ದಿನವೂ ರಾತ್ರಿ 10ಕ್ಕೆ ಲೆನೊ ಅವರಿಗೆ ಕಾರ್ಯಕ್ರಮ ಕೊಟ್ಟರು. ಧಾರಾವಾಹಿಗಳಿಗಿಂತ ಇದು ಅಗ್ಗ ಎಂಬ ಲೆಕ್ಕಾಚಾರವೂ ಇತ್ತು. ಆದರೆ 10ರ ಕಾರ್ಯಕ್ರಮಕ್ಕೆ ವೀಕ್ಷಕರು ಕಡಿಮೆಯಾದರೆ ಅದರ ಬೆನ್ನಿಗೆ ಬರುವ 11ರ ಸ್ಥಳೀಯ ವಾರ್ತೆಗೂ ಕಡಿಮೆಯಾಗುತ್ತಾರೆ, ಅದರ ಬೆನ್ನಿಗೆ 11.35ಕ್ಕೆ ಬರುವ ಓಬ್ರಿಯನ್ ಅವರಿಗೂ ಕಡಿಮೆಯಾಗುತ್ತಾರೆ. ಸ್ಥಳೀಯ ವಾರ್ತೆಯ ಜಾಹೀರಾತೇ ಊರೂರಿನ ಪ್ರಸಾರ ಕೇಂದ್ರಗಳ ಮುಖ್ಯ ಆದಾಯವಾದ್ದರಿಂದ ಅವು ತಿರುಗಿಬಿದ್ದವು. ಆಗ ವಾಹಿನಿಯವರು ಲೆನೊ ಅವರನ್ನು 11.35ಕ್ಕೆ ತಂದು, ‘ಟುನೈಟ್ ಶೋ’ವನ್ನು ನಡುರಾತ್ರಿ ಕಳೆದು 12.05ಕ್ಕೆ ತಳ್ಳುವ ಯೋಚನೆ ಮುಂದಿಟ್ಟರು.

ಓಬ್ರಿಯನ್ ಅದಕ್ಕೆ ಒಪ್ಪದೆ ಜನವರಿ 12ರಂದು ಬಹಿರಂಗ ಪತ್ರ ಬರೆದರು. ಅದರಲ್ಲಿ ತನಗಾದ ಅನ್ಯಾಯವನ್ನು ಹಾಡಿಕೊಳ್ಳುವುದಕ್ಕಿಂತ, ದಶಕಗಳ ಇತಿಹಾಸವಿರುವ ಕಾರ್ಯಕ್ರಮವೊಂದನ್ನು ಮರುದಿನಕ್ಕೆ ತಳ್ಳಿದರೆ ಅದಕ್ಕೇ ಹಾನಿ, ಅದರ ಹಿಂದೆ ‘ಲೇಟ್ ನೈಟ್’ ನಡೆಸುತ್ತಿದ್ದ ಜಿಮ್ಮಿ ಫ್ಯಾಲನ್ ಅವರಿಗೂ ಹಾನಿ ಎಂಬ ವಾದವಿತ್ತು. ವರದಿಗಳ ಪ್ರಕಾರ ಒಟ್ಟು 4.5 ಕೋಟಿ ಡಾಲರ್‌ಗಳ ಒಪ್ಪಂದದಲ್ಲಿ ಅವರು ಹೊರಬಂದರು, ಸೆಪ್ಟೆಂಬರ್‌ವರೆಗೆ ದೂರದರ್ಶನದಲ್ಲಿ ಕಾಣಿಸಿಕೊಳ್ಳುವಂತಿಲ್ಲ ಎಂಬ ಷರತ್ತು ಅದರಲ್ಲಿತ್ತು. ಆ ನಿರ್ಬಂಧದ ತಿಂಗಳುಗಳೇ ಅವರನ್ನು ಅಂತರಜಾಲಕ್ಕೆ ಕರೆದೊಯ್ದವು. ಟ್ವಿಟರ್‌ನಲ್ಲಿ ಬರೆದರು, ಅಭಿಮಾನಿಗಳೇ ಹುಟ್ಟುಹಾಕಿದ ‘ನಾವು ಕೋಕೊ ಪರ’ ಅಭಿಯಾನ (ಕೋಕೊ ಎಂಬುದು ಅವರ ಅಡ್ಡಹೆಸರು) ಅವರ ಬೆನ್ನಿಗೆ ನಿಂತಿತು, ಏಪ್ರಿಲ್‌ನಲ್ಲಿ ಓರೆಗಾನ್‌ನ ಯೂಜೀನ್‌ನಿಂದ ಆರಂಭಿಸಿ ಜೂನ್‌ವರೆಗೆ ಅಮೆರಿಕ ಮತ್ತು ಕೆನಡಾದ ನಗರಗಳಲ್ಲಿ ರಂಗಪ್ರದರ್ಶನ ನೀಡಿದರು. ವಾಹಿನಿಯ ಮಧ್ಯಸ್ಥಿಕೆಯಿಲ್ಲದೆ ತನ್ನನ್ನು ನೇರವಾಗಿ ಹುಡುಕಿಕೊಂಡು ಬರುವ ಜನರಿದ್ದಾರೆ ಎಂಬುದು ಅವರಿಗೆ ಖಚಿತವಾದದ್ದು ಆಗಲೇ. 2010 ಇಲ್ಲದಿದ್ದರೆ ಅವರು ಇಂದಿಗೂ ಕೋಟು ತೊಟ್ಟು ಮೇಜಿನ ಹಿಂದೆಯೇ ಕುಳಿತಿರುತ್ತಿದ್ದರು ಎಂಬುದು ನನ್ನ ನಂಬಿಕೆ.

ತೆರೆಮರೆ:

ನೀವಿಬ್ಬರೂ ಓಬ್ರಿಯನ್ ಒಬ್ಬರೇ ನಡೆದಂತೆ ಬರೆದಿದ್ದೀರಿ. ಅವರ ಜೊತೆಗಿದ್ದವರನ್ನು ಬಿಟ್ಟು ಈ ವೃತ್ತಿಜೀವನವನ್ನು ವಿವರಿಸಲು ಸಾಧ್ಯವಿಲ್ಲ. 1993ರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಆ್ಯಂಡಿ ರಿಕ್ಟರ್, ಮೊದಲ ಮುಖ್ಯ ಬರಹಗಾರ ಹಾಗೂ ಬೈಗುಳದ ನಾಯಿಬೊಂಬೆ ‘ಟ್ರಯಂಫ್’ನ ಹಿಂದಿನ ದನಿಯಾದ ರಾಬರ್ಟ್ ಸ್ಮೈಗೆಲ್, 2009ರಿಂದ ಅವರ ಆಪ್ತಸಹಾಯಕಿಯಾಗಿ ಬಂದ ಸೋನಾ ಮೊವ್ಸೇಸಿಯನ್, ಪಾಡ್‌ಕಾಸ್ಟ್‌ನಲ್ಲಿ ಜೊತೆಯಾದ ಮ್ಯಾಟ್ ಗೌರ್ಲಿ, ಇವರೆಲ್ಲ ಅವರ ಹಾಸ್ಯದ ಅರ್ಧಭಾಗ.

ಒಂದು ಘಟನೆಯನ್ನು ಮಾತ್ರ ವಿವರವಾಗಿ ಹೇಳುತ್ತೇನೆ. 2007ರ ನವೆಂಬರ್‌ನಲ್ಲಿ ಅಮೆರಿಕದ ಬರಹಗಾರರ ಸಂಘ ಮುಷ್ಕರ ಹೂಡಿದಾಗ ‘ಲೇಟ್ ನೈಟ್’ ನಿಂತುಹೋಯಿತು. ಬರಹಗಾರರಲ್ಲದ ಸಿಬ್ಬಂದಿಗೆ ಕೆಲಸವೂ ಇಲ್ಲ, ಸಂಬಳವೂ ಇಲ್ಲ ಎಂಬ ಸ್ಥಿತಿ ಬಂದಾಗ ಓಬ್ರಿಯನ್ ತಮ್ಮ ಸ್ವಂತ ಹಣದಿಂದ ಅವರಿಗೆ ಸಂಬಳ ಕೊಟ್ಟರು. 2008ರ ಜನವರಿಯಲ್ಲಿ ಬರಹಗಾರರಿಲ್ಲದೆ ಕಾರ್ಯಕ್ರಮ ಮರಳಿ ಆರಂಭವಾದಾಗ, ತಾವೂ ಸಂಘದ ಸದಸ್ಯರಾದ್ದರಿಂದ ಬರೆದ ಹಾಸ್ಯವನ್ನು ಬಳಸದೆ ಸಮಯ ತುಂಬಬೇಕಿತ್ತು. ಅವರು ಮದುವೆಯ ಉಂಗುರವನ್ನು ಬೆರಳಿನಿಂದ ತೆಗೆದು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ, ಅದು ಎಷ್ಟು ಹೊತ್ತು ಬೀಳದೆ ನಿಲ್ಲುತ್ತದೆಂದು ಗಡಿಯಾರ ಹಿಡಿದು ಅಳೆಯತೊಡಗಿದರು. ರಾತ್ರಿಯಿಂದ ರಾತ್ರಿಗೆ ದಾಖಲೆ ಮುರಿಯುವ ಪ್ರಯತ್ನ ಮುಂದುವರಿಯಿತು, ಪ್ರೇಕ್ಷಕರು ಉಸಿರು ಬಿಗಿಹಿಡಿದು ಒಂದು ಉಂಗುರವನ್ನು ನೋಡುತ್ತಿದ್ದರು. ಇರುಳುನೋಟ ಅವರು ಹೇಳಿದ ಆ ಶಕ್ತಿಗೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಕಂಡಿಲ್ಲ: ಬರೆದಿಟ್ಟದ್ದು ಏನೂ ಇಲ್ಲದಿದ್ದಾಗ ಉಳಿಯುವ ಓಬ್ರಿಯನ್ ಇವರೇ.

2010ರ ಒಪ್ಪಂದದಲ್ಲಿಯೂ ವರದಿಯಾದ ಮೊತ್ತದ ಪೈಕಿ ಸುಮಾರು 1.2 ಕೋಟಿ ಡಾಲರ್ ಸಿಬ್ಬಂದಿಗೆ ಹೋಯಿತು. ಹೊಸ ಕಾರ್ಯಕ್ರಮಕ್ಕಾಗಿ ನ್ಯೂಯಾರ್ಕ್ ಬಿಟ್ಟು ಮನೆಮಂದಿಯೊಂದಿಗೆ ಲಾಸ್ ಏಂಜಲೀಸ್‌ಗೆ ಬಂದು, ತಿಂಗಳುಗಳಲ್ಲೇ ಕೆಲಸ ಕಳೆದುಕೊಂಡವರು ಅವರಲ್ಲಿದ್ದರು. ದೊಡ್ಡವರ ಜಗಳದ ಸುದ್ದಿಯಲ್ಲಿ ಈ ಜನರ ಹೆಸರು ಬರುವುದಿಲ್ಲವಾದ್ದರಿಂದ ಇದನ್ನು ಇಲ್ಲಿ ದಾಖಲಿಸಬೇಕೆನಿಸಿತು.

ಹೊಸಕೇಳುಗ:

ನಾನು ಇತ್ತೀಚೆಗಷ್ಟೇ ಇವರ ಪಾಡ್‌ಕಾಸ್ಟ್ ಕೇಳಲು ಆರಂಭಿಸಿದ್ದೇನೆ, ಹಳೆಯ ಕಾರ್ಯಕ್ರಮಗಳನ್ನು ನೋಡಿಲ್ಲ. ಇದು ಹೇಗೆ ಆರಂಭವಾಯಿತು, ಹೆಸರಿನಲ್ಲಿ ‘ಗೆಳೆಯ ಬೇಕು’ ಎಂದು ಏಕಿದೆ, ದೂರದರ್ಶನದ ಸಂದರ್ಶನಕ್ಕಿಂತ ಇದು ನಿಜಕ್ಕೂ ಬೇರೆಯೇ ಎಂದು ತಿಳಿದವರು ದಯವಿಟ್ಟು ವಿವರಿಸುವಿರಾ?

ಇರುಳುನೋಟ:

ಖಂಡಿತ. ‘ಕೋನನ್ ಓಬ್ರಿಯನ್ ನೀಡ್ಸ್ ಎ ಫ್ರೆಂಡ್’ 2018ರ ನವೆಂಬರ್‌ನಲ್ಲಿ ಆರಂಭವಾಯಿತು. ಇಷ್ಟು ವರ್ಷ ಸಾವಿರಾರು ಅತಿಥಿಗಳೊಂದಿಗೆ ಮಾತನಾಡಿದರೂ, ಕ್ಯಾಮೆರಾ ನಿಂತ ಮೇಲೆ ಅವರಲ್ಲಿ ಯಾರೂ ತನಗೆ ನಿಜವಾದ ಗೆಳೆಯರಾಗಲಿಲ್ಲ ಎಂಬುದು ಆ ಹೆಸರಿನ ಹಿಂದಿನ ಕಲ್ಪನೆ. ಪ್ರತಿ ಸಂಚಿಕೆಯ ಆರಂಭದಲ್ಲಿ ಅತಿಥಿ ತಮ್ಮ ಹೆಸರು ಹೇಳಿ, ಕೋನನ್ ಓಬ್ರಿಯನ್ ಅವರ ಗೆಳೆತನದ ಬಗ್ಗೆ ತಮಗೆ ಏನನ್ನಿಸುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಆ ಒಂದು ವಾಕ್ಯ ಮಾಡುವ ಕೆಲಸವನ್ನು ಗಮನಿಸಿ: ಹೊಗಳಿಕೆಯ ನಿರೀಕ್ಷೆ ಅಲ್ಲೇ ಮುರಿಯುತ್ತದೆ, ಅತಿಥಿಗೆ ಮೊದಲ ಏಟು ಹೊಡೆಯುವ ಅವಕಾಶ ಸಿಗುತ್ತದೆ, ನಿರೂಪಕರಿಗೆ ಹಿಡಿದುಕೊಳ್ಳಲು ಒಂದು ಎಳೆ ದೊರೆಯುತ್ತದೆ. ಮೊದಲ ಅತಿಥಿ ಹಾಸ್ಯನಟ ವಿಲ್ ಫೆರೆಲ್. 2009ರ ಜೂನ್ 1ರ ‘ಟುನೈಟ್ ಶೋ’ಗೆ ಮೊದಲ ಅತಿಥಿಯಾಗಿ ಬಂದವರೂ ಅವರೇ, 2010ರ ಜನವರಿ 22ರ ಕೊನೆಯ ಸಂಚಿಕೆಯಲ್ಲಿದ್ದವರೂ ಅವರೇ.

ದೂರದರ್ಶನದ ಸಂದರ್ಶನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಮಯದ್ದು ಮಾತ್ರ ಎಂದು ಹೇಳಿದರೆ ಸಾಲದು. ತಡರಾತ್ರಿಯ ಕಾರ್ಯಕ್ರಮದಲ್ಲಿ ಅತಿಥಿ ಬರುವ ಮೊದಲೇ ನಿರ್ಮಾಣ ತಂಡದವರು ಅವರೊಂದಿಗೆ ಮಾತನಾಡಿ, ಎರಡು ಮೂರು ಪ್ರಸಂಗಗಳನ್ನು ಆರಿಸಿ, ಅವುಗಳಿಗೆ ದಾರಿ ಮಾಡಿಕೊಡುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ನಿರೂಪಕರ ಮೇಜಿನ ಮೇಲಿಡುತ್ತಾರೆ. ಅತಿಥಿಗೆ ತನ್ನ ಹೊಸ ಸಿನಿಮಾದ ಹೆಸರು ಹೇಳಬೇಕು, ನಿರೂಪಕನಿಗೆ ಜಾಹೀರಾತಿನ ವಿರಾಮಕ್ಕೆ ಮೊದಲು ನಗು ಬೇಕು. ಹತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯಬೇಕು. ಅಂಥ ಸಂಭಾಷಣೆಯಲ್ಲಿ ಅನಿರೀಕ್ಷಿತವಾದದ್ದು ಘಟಿಸಿದರೆ ಅದು ಅದೃಷ್ಟ. ಪಾಡ್‌ಕಾಸ್ಟ್‌ನಲ್ಲಿ ಅನಿರೀಕ್ಷಿತವಾದದ್ದಕ್ಕಾಗಿಯೇ ಕಾಯುತ್ತಾರೆ. ಅತಿಥಿ ಬರುವ ಮೊದಲು ಓಬ್ರಿಯನ್, ಸೋನಾ ಮತ್ತು ಗೌರ್ಲಿ ಯಾವುದೋ ಕ್ಷುಲ್ಲಕ ಸಂಗತಿಯ ಮೇಲೆ ಬಹಳ ಹೊತ್ತು ಜಗಳವಾಡುವುದನ್ನು ಕೇಳಿದರೆ ನಿಮಗೇ ತಿಳಿಯುತ್ತದೆ. ಸೋನಾ ಅವರು ತಮ್ಮ ಯಜಮಾನರನ್ನು ಎಳ್ಳಷ್ಟೂ ಲೆಕ್ಕಿಸದೆ ತಿರುಗಿ ಮಾತನಾಡುತ್ತಾರೆ, ಮತ್ತು ಅದನ್ನು ಕೇಳಿ ಓಬ್ರಿಯನ್ ಅವರಿಗೆ ಉಂಟಾಗುವ ಸಂತೋಷವನ್ನು ನಟಿಸಲು ಸಾಧ್ಯವಿಲ್ಲ.

ಇದಕ್ಕೆ ಒಂದು ಪೂರ್ವಸಿದ್ಧತೆಯೂ ಇತ್ತು, ಅದನ್ನು ಹೆಚ್ಚಿನವರು ಮರೆತಿದ್ದಾರೆ. 2012ರಿಂದ ಅವರು ‘ಸೀರಿಯಸ್ ಜಿಬ್ಬರ್-ಜ್ಯಾಬರ್’ ಎಂಬ ಹೆಸರಿನಲ್ಲಿ ಅಂತರಜಾಲಕ್ಕಾಗಿಯೇ ದೀರ್ಘ ಸಂದರ್ಶನಗಳನ್ನು ಮಾಡುತ್ತಿದ್ದರು. ಅಮೆರಿಕದ ಹಿಂದಿನ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಜೀವನಚರಿತ್ರೆ ಬರೆದ ಎಡ್ಮಂಡ್ ಮಾರಿಸ್ ಅವರಂಥವರೊಂದಿಗೆ ಬಿಡುವಾಗಿ ಕುಳಿತು ಮಾತನಾಡಿದರು. ಹಾರ್ವರ್ಡ್‌ನಲ್ಲಿ ಲೇಖಕರಾದ ಫಾಕ್ನರ್ ಮತ್ತು ಫ್ಲ್ಯಾನರಿ ಓಕಾನರ್ ಅವರ ಮೇಲೆ ಪ್ರಬಂಧ ಬರೆದ ಆ ವಿದ್ಯಾರ್ಥಿ ಅಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡ. ಸಾಧ್ಯವಾದರೆ ಮೊದಲು ಅದನ್ನು ನೋಡಿ, ನಂತರ ಪಾಡ್‌ಕಾಸ್ಟ್‌ಗೆ ಮರಳಿ.

ನೇರನುಡಿ:

ಈ ಚರ್ಚೆಯಲ್ಲಿ ಎಲ್ಲರೂ ಮೆಚ್ಚುಗೆಯ ದನಿಯಲ್ಲೇ ಬರೆಯುತ್ತಿರುವುದರಿಂದ ಒಂದು ಭಿನ್ನಾಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯವೆನಿಸುತ್ತದೆ. ಓಬ್ರಿಯನ್ ಅಸಾಧಾರಣ ಹಾಸ್ಯಗಾರ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ಅವರನ್ನು ಉತ್ತಮ ಸಂದರ್ಶಕ ಎಂದು ಕರೆಯಲು ನಾನು ಹಿಂಜರಿಯುತ್ತೇನೆ. ಅತಿಥಿ ಒಂದು ಗಂಭೀರ ಸಂಗತಿಯ ಅಂಚಿಗೆ ಬಂದಾಗ ಅವರು ತಮ್ಮದೇ ಒಂದು ನೆನಪನ್ನೋ ಅಣಕವನ್ನೋ ಅಡ್ಡ ತರುತ್ತಾರೆ, ನಗು ಬರುತ್ತದೆ, ಆ ಸಂಗತಿ ಅಲ್ಲಿಗೇ ನಿಲ್ಲುತ್ತದೆ. ತನ್ನನ್ನು ತಾನೇ ಹಳಿದುಕೊಳ್ಳುವ ಹಾಸ್ಯವೂ ಅತಿಯಾದಾಗ, ಮಾತು ಮತ್ತೆ ಮತ್ತೆ ಅವರ ಸುತ್ತಲೇ ಸುತ್ತುತ್ತದೆ.

ಹೋಲಿಕೆಗೆ ಮಾರ್ಕ್ ಮ್ಯಾರನ್ ಅವರನ್ನು ತೆಗೆದುಕೊಳ್ಳಿ. ಅವರೂ ಹಾಸ್ಯಗಾರರೇ. 2009ರ ಸೆಪ್ಟೆಂಬರ್‌ನಲ್ಲಿ ಕೈಯಲ್ಲಿ ಬೇರೆ ಕೆಲಸವಿಲ್ಲದ ಹೊತ್ತಿನಲ್ಲಿ ಪಾಡ್‌ಕಾಸ್ಟ್ ಆರಂಭಿಸಿ, ಮನೆಯ ಗ್ಯಾರೇಜಿನಲ್ಲಿ ಕುಳಿತು ಸಂದರ್ಶನ ಮಾಡಿದರು. ಆ ಗ್ಯಾರೇಜಿಗೆ 2015ರ ಜೂನ್‌ನಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷ ಬರಾಕ್ ಒಬಾಮ ಬಂದು ಕುಳಿತರು. 2010ರಲ್ಲಿ ಹಾಸ್ಯನಟ ರಾಬಿನ್ ವಿಲಿಯಮ್ಸ್ ಅವರೊಂದಿಗೆ ಮ್ಯಾರನ್ ನಡೆಸಿದ ಸಂಭಾಷಣೆಯಲ್ಲಿ ವ್ಯಸನ, ಖಿನ್ನತೆ, ಸಾವಿನ ಬಗ್ಗೆ ಇರುವ ನೇರ ಮಾತುಗಳು ಓಬ್ರಿಯನ್ ಅವರ ಎದುರು ಹೊರಬರುತ್ತಿದ್ದವೇ ಎಂಬುದನ್ನು ಯೋಚಿಸಿ. ಹದಿನಾರು ವರ್ಷ ನಡೆಸಿ, 2025ರ ಅಕ್ಟೋಬರ್‌ನಲ್ಲಿ ಮತ್ತೆ ಒಬಾಮ ಅವರನ್ನೇ ಕೊನೆಯ ಅತಿಥಿಯಾಗಿಟ್ಟುಕೊಂಡು ಮ್ಯಾರನ್ ತಮ್ಮ ಕಾರ್ಯಕ್ರಮವನ್ನು ಮುಗಿಸಿದರು. ಪಾಡ್‌ಕಾಸ್ಟ್ ಎಂಬ ಮಾಧ್ಯಮಕ್ಕೆ ಹಾಸ್ಯಗಾರರ ದಾರಿಯನ್ನು ತೆರೆದವರಲ್ಲಿ ಅವರೊಬ್ಬರು. ಓಬ್ರಿಯನ್ ಬಂದದ್ದು ಒಂಬತ್ತು ವರ್ಷಗಳ ನಂತರ, ಕೈಯಲ್ಲಿ ಹೆಸರು, ತಂಡ, ಅತಿಥಿಗಳ ದೊಡ್ಡ ಬಳಗ ಎಲ್ಲವನ್ನೂ ಇಟ್ಟುಕೊಂಡು. ಈ ವ್ಯತ್ಯಾಸವನ್ನು ಮರೆಯಬಾರದು.

ಇರುಳುನೋಟ:

ನೇರನುಡಿ ಅವರೇ, ಮ್ಯಾರನ್ ಅವರ ಬಗ್ಗೆ ನೀವು ಹೇಳಿದ್ದೆಲ್ಲವೂ ಸರಿ. ಆದರೆ ಅವರಿಬ್ಬರ ಉದ್ದೇಶವೇ ಬೇರೆ. ಮ್ಯಾರನ್ ಅವರಿಗೆ ಎದುರಿಗಿರುವವರ ಜೀವನ ಬೇಕು. ಓಬ್ರಿಯನ್ ಅವರಿಗೆ ಎದುರಿಗಿರುವವರೊಂದಿಗೆ ಸೇರಿ ಇನ್ನೂ ಇಲ್ಲದ ಒಂದನ್ನು ಕಟ್ಟಬೇಕು. ಒಂದನ್ನು ತಪ್ಪೊಪ್ಪಿಗೆಯ ಆಳದಿಂದ ಅಳೆಯಬಹುದು, ಇನ್ನೊಂದನ್ನು ಹಾಗೆ ಅಳೆಯಲಾಗುವುದಿಲ್ಲ. ಅಡ್ಡಬಾಯಿ ಹಾಕುವ ಅಭ್ಯಾಸ ಅವರಲ್ಲಿದೆ ಎಂಬುದನ್ನು ಒಪ್ಪುತ್ತೇನೆ, ಕೆಲವು ಅತಿಥಿಗಳು ಅದರಿಂದ ಮುದುಡಿಕೊಳ್ಳುವುದೂ ಕೇಳಿಸುತ್ತದೆ. ಆದರೆ ತಮಾಷೆಯಲ್ಲಿ ಅವರಿಗೆ ಸರಿಸಾಟಿಯಾದವರು ಬಂದಾಗ ಆ ಅಡ್ಡಬಾಯಿಯೇ ಸಂಭಾಷಣೆಯ ಚಾಲಕಶಕ್ತಿಯಾಗುತ್ತದೆ.

ದೂರದಾರಿ:

ಇಷ್ಟು ಹೊತ್ತಿನ ಚರ್ಚೆಯಲ್ಲಿ ಪ್ರವಾಸದ ಕಾರ್ಯಕ್ರಮಗಳ ಮಾತೇ ಬಂದಿಲ್ಲ. 2010ರ ನವೆಂಬರ್‌ನಿಂದ 2021ರ ಜೂನ್‌ವರೆಗೆ ಅವರು ಟಿಬಿಎಸ್ ಕೇಬಲ್ ವಾಹಿನಿಯಲ್ಲಿ ‘ಕೋನನ್’ ಕಾರ್ಯಕ್ರಮ ನಡೆಸಿದರು. ಆ ಅವಧಿಯ ಅತ್ಯುತ್ತಮ ಕೆಲಸ ಸ್ಟುಡಿಯೊದ ಹೊರಗೆ ನಡೆಯಿತು. ಅಮೆರಿಕ ಮತ್ತು ಕ್ಯೂಬಾದ ಸಂಬಂಧ ಸಡಿಲಗೊಳ್ಳತೊಡಗಿದ ಕೂಡಲೇ, 2015ರಲ್ಲಿ ಅವರು ಹವಾನಾಕ್ಕೆ ಹೋದರು. 1962ರ ವಾಣಿಜ್ಯ ನಿರ್ಬಂಧದ ನಂತರ ಅಲ್ಲಿ ಚಿತ್ರೀಕರಿಸಿದ ಮೊದಲ ಅಮೆರಿಕನ್ ತಡರಾತ್ರಿಯ ಕಾರ್ಯಕ್ರಮ ಅದು. ಅದೇ ವರ್ಷ ಸೋನಾ ಅವರೊಂದಿಗೆ ಅವರ ಪೂರ್ವಜರ ನಾಡಾದ ಅರ್ಮೇನಿಯಕ್ಕೆ ಹೋದರು. ಮುಂದೆ ದಕ್ಷಿಣ ಕೊರಿಯ, ಮೆಕ್ಸಿಕೊ, ಇಟಲಿ, ಜಪಾನ್, ಘಾನಾ, ಗ್ರೀನ್‌ಲ್ಯಾಂಡ್ ಹೀಗೆ ಪಟ್ಟಿ ಬೆಳೆಯಿತು. 2018ರ ಜನವರಿಯಲ್ಲಿ ಹೈಟಿಯ ಬಗ್ಗೆ ಅಮೆರಿಕದ ಅಧ್ಯಕ್ಷರು ಹೀನಾಯವಾಗಿ ಮಾತನಾಡಿದರೆಂಬ ವರದಿ ಬಂದಾಗ, ಅವರು ಕೆಲವೇ ದಿನಗಳಲ್ಲಿ ಹೈಟಿಗೇ ಹೋಗಿ ಅಲ್ಲಿನ ಜನರೊಂದಿಗೆ ಮಾತನಾಡಿ, ಆ ದೇಶವನ್ನು ಪ್ರೀತಿಯಿಂದ ತೋರಿಸಿದರು.

ಪರದೇಶಕ್ಕೆ ಹೋದ ಹಾಸ್ಯಗಾರ ಅಲ್ಲಿನವರ ಉಚ್ಚಾರವನ್ನೋ ಊಟವನ್ನೋ ಆಡಿಕೊಂಡು ನಗಿಸುವುದು ಬಹಳ ಸುಲಭ, ಬಹಳ ಹಳೆಯ ಚಾಳಿ. ಓಬ್ರಿಯನ್ ಅವರ ಪ್ರವಾಸಗಳಲ್ಲಿ ಆರಡಿಗಿಂತ ಎತ್ತರದ, ಬಿಳಿಚಿದ ಮೈಬಣ್ಣದ, ಕೆಂಗೂದಲಿನ ಈ ಅಮೆರಿಕನ್ನನೇ ಎಲ್ಲಿ ಹೋದರೂ ವಿಚಿತ್ರ ಪ್ರಾಣಿ. ನೃತ್ಯ ಕಲಿಸುವವರು, ಅಡುಗೆಯವರು, ಅಂಗಡಿಯವರು ಅವರನ್ನು ನೋಡಿ ನಗುತ್ತಾರೆ, ತಿದ್ದುತ್ತಾರೆ, ಕೆಲವೊಮ್ಮೆ ಗದರುತ್ತಾರೆ. ಅಲ್ಲಿನ ಜನರ ಹಾಸ್ಯಪ್ರಜ್ಞೆ ನಮಗೆ ಕಾಣಿಸುವುದು ಹೀಗೆ, ಮತ್ತು ಇಂಗ್ಲಿಷ್ ಬಾರದ ಅಜ್ಜಿಯೊಬ್ಬರು ಒಂದು ಮುಖಭಾವದಿಂದಲೇ ಅವರನ್ನು ಸೋಲಿಸಿಬಿಡುವುದು ಈ ಕಾರ್ಯಕ್ರಮಗಳಲ್ಲಿ ಅಪರೂಪವೇನಲ್ಲ.

ಈ ಎಳೆ ಪಾಡ್‌ಕಾಸ್ಟ್‌ಗೂ ಬಂತು. ಬೇರೆ ಬೇರೆ ದೇಶಗಳ ಸಾಮಾನ್ಯ ಕೇಳುಗರೊಂದಿಗೆ ವಿಡಿಯೊ ಕರೆಯಲ್ಲಿ ಮಾತನಾಡುವ ಸಣ್ಣ ಸಂಚಿಕೆಗಳನ್ನು ಅವರು ಆರಂಭಿಸಿದರು. ಅಲ್ಲಿ ಮಾತನಾಡಿದವರ ಮನೆ ಬಾಗಿಲಿಗೇ ಹೋಗಿ ನಿಲ್ಲುವುದು 2024ರ ಏಪ್ರಿಲ್‌ನಲ್ಲಿ ಬಂದ ‘ಕೋನನ್ ಓಬ್ರಿಯನ್ ಮಸ್ಟ್ ಗೋ’ ಸರಣಿಯ ಆಧಾರ. ಮೊದಲ ಸುತ್ತಿನಲ್ಲಿ ನಾರ್ವೆ, ಥಾಯ್ಲೆಂಡ್, ಅರ್ಜೆಂಟೀನ ಮತ್ತು ಅವರ ಪೂರ್ವಜರ ಐರ್ಲೆಂಡ್‌ಗೆ ಹೋದರು. ದೂರದರ್ಶನದಿಂದ ಪಾಡ್‌ಕಾಸ್ಟ್‌ಗೆ ಹೋದವರು ಹಲವರಿದ್ದಾರೆ; ಪಾಡ್‌ಕಾಸ್ಟ್‌ನಲ್ಲಿ ಸಿಕ್ಕವರಿಂದಲೇ ಮತ್ತೆ ತೆರೆಯ ಕಾರ್ಯಕ್ರಮ ಕಟ್ಟಿದವರು ವಿರಳ.

ಲೆಕ್ಕಪತ್ರ:

ದೂರದಾರಿ ಅವರ ಕೊನೆಯ ಮಾತಿಗೆ ವ್ಯವಹಾರದ ಬದಿಯಿಂದ ಸ್ವಲ್ಪ ಸೇರಿಸುತ್ತೇನೆ. 2019ರ ಜನವರಿಯಲ್ಲಿ ಟಿಬಿಎಸ್ ಕಾರ್ಯಕ್ರಮ ಒಂದು ಗಂಟೆಯಿಂದ ಅರ್ಧ ಗಂಟೆಗೆ ಇಳಿಯಿತು, ಮೇಜು ಹೋಯಿತು, ವಾದ್ಯವೃಂದ ಹೋಯಿತು, ಕೋಟು ಟೈ ಕೂಡ ಹೋದವು. ಹೊರಗಿನವರಿಗೆ ಅದು ಕುಗ್ಗುವಿಕೆಯಂತೆ ಕಂಡಿತು. ಆದರೆ ಅದೇ ಹೊತ್ತಿಗೆ ಅವರದೇ ‘ಟೀಮ್ ಕೋಕೊ’ ಸಂಸ್ಥೆ ಪಾಡ್‌ಕಾಸ್ಟ್‌ಗಳನ್ನೂ ಅಂತರಜಾಲದ ವಿಡಿಯೊಗಳನ್ನೂ ಬೆಳೆಸುತ್ತಿತ್ತು. 2022ರ ಮೇ ತಿಂಗಳಲ್ಲಿ ಸಿರಿಯಸ್ ಎಕ್ಸ್‌ಎಂ ರೇಡಿಯೊ ಸಂಸ್ಥೆ ಅದನ್ನು ಕೊಂಡುಕೊಂಡಾಗ ವರದಿಯಾದ ಬೆಲೆ ಸುಮಾರು 15 ಕೋಟಿ ಡಾಲರ್. ಎನ್‌ಬಿಸಿ ಬಿಡುವಾಗ ಅವರಿಗೆ ವೈಯಕ್ತಿಕವಾಗಿ ಬಂದ ಮೊತ್ತ ಸುಮಾರು 3.3 ಕೋಟಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಕಾರ್ಯಕ್ರಮ ಇನ್ನೊಬ್ಬರದಾಗಿರುವುದಕ್ಕೂ ಸ್ವಂತದ್ದಾಗಿರುವುದಕ್ಕೂ ಇರುವ ಅಂತರ ತಿಳಿಯುತ್ತದೆ. 1993ರಲ್ಲಿ ವಾರಗಳ ಲೆಕ್ಕದ ಒಪ್ಪಂದದಲ್ಲಿ ಕೆಲಸ ಮಾಡಿದ ವ್ಯಕ್ತಿಗೆ ಆ ಅಂತರ ಇನ್ನೂ ಚೆನ್ನಾಗಿ ಗೊತ್ತಿದ್ದಿರಬೇಕು.

ತೆರೆಮರೆ:

ಹಾಗಿದ್ದರೆ 2025ರ ಮಾರ್ಚ್‌ನಲ್ಲಿ ಅವರು ಆಸ್ಕರ್ ಸಮಾರಂಭವನ್ನು ನಿರೂಪಿಸಿದ್ದನ್ನೂ, ಅದೇ ತಿಂಗಳು ಕೆನಡಿ ಸೆಂಟರ್‌ನಲ್ಲಿ ಹಾಸ್ಯಕ್ಕಾಗಿ ಕೊಡುವ ಮಾರ್ಕ್ ಟ್ವೇನ್ ಪ್ರಶಸ್ತಿ ಪಡೆದದ್ದನ್ನೂ ಹೇಗೆ ನೋಡುತ್ತೀರಿ? ಇವೆರಡೂ ಹಳೆಯ ವ್ಯವಸ್ಥೆಯ ಗೌರವಗಳೇ ತಾನೇ?

ಇರುಳುನೋಟ:

ವೇದಿಕೆ ಹಳೆಯದು, ಅವರು ಅಲ್ಲಿಗೆ ಬಂದ ದಾರಿ ಹೊಸದು. ಆಸ್ಕರ್ ನಿರೂಪಣೆಗೆ ಕರೆ ಬಂದಾಗ ಅವರ ಕೈಯಲ್ಲಿ ಯಾವುದೇ ವಾಹಿನಿಯ ದೈನಿಕ ಕಾರ್ಯಕ್ರಮ ಇರಲಿಲ್ಲ. ಮೂರೂವರೆ ವರ್ಷಗಳಿಂದ ಜನ ಅವರನ್ನು ಮುಖ್ಯವಾಗಿ ಕಿವಿಯಲ್ಲಿ ಕೇಳುತ್ತಿದ್ದರು, ಅಂತರಜಾಲದ ತುಣುಕುಗಳಲ್ಲಿ ನೋಡುತ್ತಿದ್ದರು. 2025ರ ನಿರೂಪಣೆಯನ್ನು ಮೆಚ್ಚಿಯೇ 2026ರ ಸಮಾರಂಭಕ್ಕೂ ಅವರನ್ನೇ ಆರಿಸಿದರು. ಟ್ವೇನ್ ಪ್ರಶಸ್ತಿಯ ಸಂಜೆಯಂತೂ, ಅಧ್ಯಕ್ಷ ಟ್ರಂಪ್ ಅವರಿಂದಾಗಿ ಕೆನಡಿ ಸೆಂಟರ್‌ನ ಆಡಳಿತ ಬದಲಾಗಿ ವಿವಾದ ಎದ್ದಿದ್ದ ಸಮಯದಲ್ಲಿ ನಡೆಯಿತು. ಓಬ್ರಿಯನ್ ತಮ್ಮ ಭಾಷಣದ ಬಹುಭಾಗವನ್ನು ಟ್ವೇನ್ ಅವರಿಗೇ ಮೀಸಲಿಟ್ಟು, ಆ ಲೇಖಕ ದಬ್ಬಾಳಿಕೆ ಮಾಡುವವರನ್ನು ದ್ವೇಷಿಸಿದವನು, ದುರ್ಬಲರ ಪರ ನಿಂತವನು, ತನ್ನನ್ನು ತಾನು ದೊಡ್ಡವನೆಂದುಕೊಳ್ಳದವನು ಎಂಬುದನ್ನು ನೆನಪಿಸಿದರು. ಅಧಿಕಾರದಲ್ಲಿದ್ದವರ ಹೆಸರೆತ್ತದೆ ಹೇಳಬೇಕಾದದ್ದೆಲ್ಲವನ್ನೂ ಹೇಳಿದ ಆ ಭಾಷಣ ಹೊಸಕೇಳುಗ ಅವರ ಪಟ್ಟಿಯಲ್ಲೂ ಇರಲಿ. ಅಂದು ವೇದಿಕೆಗೆ ಬಂದು ಅವರ ಬಗ್ಗೆ ಮಾತನಾಡಿದವರಲ್ಲಿ ಲೆಟರ್‌ಮನ್ ಕೂಡ ಇದ್ದರು.